ಸಿಐಸಿಎಸ್ ಕೋಬಾಲ್ ಪ್ರೋಗ್ರಾಂ ವೆಬ್ ಸರ್ವಿಸ್ ಆದಮೇಲೆ ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಐಬಿಎಂ ಮೇನ್‌ಫ್ರೇಮ್‌ನಲ್ಲಿ ವ್ಯವಹಾರಗಳನ್ನು ನಡೆಸುವ ತಂತ್ರಾಂಶವಾದ ಸಿಐಸಿಎಸ್‌ನಲ್ಲಿ ದಶಕಗಳಿಂದ ಓಡುತ್ತಿರುವ ಕೋಬಾಲ್ ಪ್ರೋಗ್ರಾಂಗಳನ್ನು ಸೋಪ್ ವೆಬ್ ಸರ್ವಿಸ್ ಆಗಿ (ಹೊರಗಿನ ಪ್ರೋಗ್ರಾಂಗಳು ಎಕ್ಸ್‌ಎಂಎಲ್ ಸಂದೇಶ ಕಳಿಸಿ ಕರೆಯುವಂತೆ) ತೆರೆಯುವುದು ಹೊಸ ಸಂಗತಿಯಲ್ಲ. 2005ರ ಸಿಐಸಿಎಸ್ ಆವೃತ್ತಿಯಾದ ಟ್ರಾನ್ಸಾಕ್ಷನ್ ಸರ್ವರ್ 3.1ರಲ್ಲೇ ಆ ಸೌಲಭ್ಯ ಅದರೊಳಗೆ ಸೇರಿತು. ಪ್ರೋಗ್ರಾಂನ ಕಾಪಿಬುಕ್ (ಡೇಟಾ ಫೀಲ್ಡ್‌ಗಳ ವಿನ್ಯಾಸ ಬರೆದ ಫೈಲ್) ಕೊಟ್ಟು ಡಿಎಫ್‌ಎಚ್‌ಎಲ್‌ಎಸ್2ಡಬ್ಲ್ಯೂಎಸ್ ಜಾಬ್ ಓಡಿಸಿದರೆ ಎರಡು ಫೈಲ್ ಸಿಗುತ್ತವೆ: ಹೊರಗಿನವರಿಗೆ ಕೊಡಲು ಸರ್ವಿಸ್‌ನ ವಿವರಣೆಯಾದ ಡಬ್ಲ್ಯೂಎಸ್‌ಡಿಎಲ್, ಸಿಐಸಿಎಸ್ ಓದಿಕೊಳ್ಳಲು ಡಬ್ಲ್ಯೂಎಸ್‌ಬೈಂಡ್. ಇಷ್ಟು ಅರ್ಧ ದಿನದ ಕೆಲಸ. ತಲೆನೋವು ಆಮೇಲೆ ಶುರುವಾಗುತ್ತದೆ, ಏಕೆಂದರೆ ಹಳೆಯ ಪ್ರೋಗ್ರಾಂ ತನ್ನ ಮುಂದೆ ಒಂದು 3270 ಟರ್ಮಿನಲ್ (ಮೇನ್‌ಫ್ರೇಮ್‌ನ ಹಳೆಯ ಸ್ಕ್ರೀನ್) ಇದೆ, ಅದರ ಮುಂದೆ ಒಬ್ಬ ಗುಮಾಸ್ತ ಕೂತಿದ್ದಾನೆ ಎಂದು ನಂಬಿಯೇ ಬರೆದದ್ದು. ಆ ನಂಬಿಕೆ ಕಾಪಿಬುಕ್‌ನಲ್ಲಿ ಎಲ್ಲೂ ಕಾಣುವುದಿಲ್ಲ.

ಒಂದು ಕರೆ ಹಾದುಹೋಗುವ ದಾರಿ ಮನಸ್ಸಿನಲ್ಲಿರಲಿ. ಮೊದಲು ಪೋರ್ಟ್ ಕಾಯುವ ಟಿಸಿಪಿಐಪಿಸರ್ವಿಸ್, ನಂತರ ವಿಳಾಸ ಹೊಂದಿಸುವ ಯುಆರ್‌ಐಮ್ಯಾಪ್, ನಂತರ ಸೋಪ್ ಲಕೋಟೆ ಬಿಚ್ಚುವ ಪೈಪ್‌ಲೈನ್, ನಂತರ ಎಕ್ಸ್‌ಎಂಎಲ್ಲನ್ನು ಬೈಟ್‌ಗಳಿಗೆ ಇಳಿಸುವ ವೆಬ್‌ಸರ್ವಿಸ್, ಕೊನೆಗೆ ಕೋಬಾಲ್ ಪ್ರೋಗ್ರಾಂ. ಉತ್ತರ ಇದೇ ದಾರಿಯಲ್ಲಿ ಹಿಂದಿರುಗುತ್ತದೆ. ಕರೆ ಎಲ್ಲಿಯವರೆಗೆ ತಲುಪಿತು ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಯಾವ ಲಕ್ಷಣವೇ ಇರಲಿ, ಮೊದಲು ಜಾವಾ ಅಥವಾ ಡಾಟ್‌ನೆಟ್ ಕ್ಲೈಂಟನ್ನು ಪಕ್ಕಕ್ಕಿಡಿ. ಅದೇ ರಿಕ್ವೆಸ್ಟನ್ನು ಸೋಪ್‌ಯುಐ ಅಥವಾ ಕರ್ಲ್ ಎಂಬ ಉಪಕರಣದಿಂದ ನೇರವಾಗಿ ಕಳಿಸಿ, ಹೋದದ್ದನ್ನೂ ಬಂದದ್ದನ್ನೂ ಹೆಡರ್ ಸಮೇತ ಫೈಲಿಗೆ ಉಳಿಸಿ. ಕ್ಲೈಂಟ್ ತೋರಿಸುವ ದೋಷಸಂದೇಶ ಸಾಮಾನ್ಯವಾಗಿ ನಿಜವಾದ ಸಂದೇಶದ ಮೇಲೆ ಕೂತ ಇನ್ನೊಂದು ಪದರ ಅಷ್ಟೆ.

## ಕರೆ ಒಳಗೇ ಬರುತ್ತಿಲ್ಲ

ಕನೆಕ್ಷನ್ ನಿರಾಕರಣೆಯಾದರೆ ಸಿಐಸಿಎಸ್‌ನ ಸ್ಥಿತಿ ತೋರಿಸುವ ಆದೇಶವಾದ ಸಿಇಎಂಟಿ ಇನ್‌ಕ್ವೈರ್ ಟಿಸಿಪಿಐಪಿಸರ್ವಿಸ್ ಕೊಟ್ಟು ಸ್ಥಿತಿ ಓಪನ್ ಇದೆಯೇ ನೋಡಿ. ಓಪನ್ ಇದ್ದೂ ಹೊರಗಿನಿಂದ ಕರೆ ತಾಕದೆ ಸುಮ್ಮನೆ ಕಾದು ಟೈಂಔಟ್ ಆದರೆ ಅದು ಫೈರ್‌ವಾಲ್ ತಂಡದ ವಿಷಯ. ಮೇನ್‌ಫ್ರೇಮ್ ಬದಿಯಲ್ಲಿ ಹುಡುಕಿ ಸಮಯ ಕಳೆಯಬೇಡಿ.

404 ಬಂದರೆ ಪೋರ್ಟ್‌ವರೆಗೆ ತಲುಪಿದ್ದೀರಿ, ವಿಳಾಸ ಹೊಂದುತ್ತಿಲ್ಲ. ಯುಆರ್‌ಐಮ್ಯಾಪ್‌ನ ಪಾತ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಹೋಸ್ಟ್ ಹೆಸರು ನಿರ್ದಿಷ್ಟವಾಗಿ ಬರೆದಿದ್ದರೆ, ಐಪಿ ವಿಳಾಸದಿಂದ ಕರೆದಾಗ ಹೊಂದುವುದಿಲ್ಲ. ಪಾತ್ ಸರಿಯಿದ್ದರೆ ಯುಆರ್‌ಐಮ್ಯಾಪೇ ಹುಟ್ಟಿಲ್ಲದಿರಬಹುದು: ಪೈಪ್‌ಲೈನ್ ಸ್ಕ್ಯಾನ್ ಮಾಡಿದಾಗ ಡಬ್ಲ್ಯೂಎಸ್‌ಬೈಂಡ್ ಫೈಲಿನಿಂದ ಅದು ತಾನಾಗಿ ಆಗಬೇಕು. ಸ್ಕ್ಯಾನ್ ಓಡಿಸಿದರೂ ವೆಬ್‌ಸರ್ವಿಸ್ ಇನ್‌ಸರ್ವಿಸ್ ಸ್ಥಿತಿಗೆ ಬಾರದಿದ್ದರೆ ಮೂರು ಕಾರಣಗಳು ಹೆಚ್ಚು. ಸಿಐಸಿಎಸ್ ರೀಜನ್‌ನ (ಓಡುತ್ತಿರುವ ಒಂದು ಸಿಐಸಿಎಸ್ ಪ್ರತಿಯ) ಯೂಸರ್ ಐಡಿಗೆ ಯುನಿಕ್ಸ್ ಫೈಲ್ ಸಿಸ್ಟಂನಲ್ಲಿ ಆ ಫೈಲ್ ಓದುವ ಅನುಮತಿ ಇರುವುದಿಲ್ಲ. ಅಥವಾ ಫೈಲನ್ನು ಎಫ್‌ಟಿಪಿಯಲ್ಲಿ ಟೆಕ್ಸ್ಟ್ ಮೋಡ್‌ನಲ್ಲಿ ಕಳಿಸಿರುತ್ತಾರೆ; ಡಬ್ಲ್ಯೂಎಸ್‌ಬೈಂಡ್ ಬೈನರಿ ಫೈಲ್, ಟೆಕ್ಸ್ಟ್ ಮೋಡ್‌ನಲ್ಲಿ ಹೋದರೆ ಕೆಟ್ಟಂತೆಯೇ. ಅಥವಾ ಹೊಸ ಆವೃತ್ತಿಯ ಮಟ್ಟಕ್ಕೆ ತಯಾರಿಸಿದ್ದನ್ನು ಹಳೆಯ ರೀಜನ್‌ನಲ್ಲಿ ಹಾಕಿರುತ್ತಾರೆ.

## ಎಚ್‌ಟಿಟಿಪಿ ಮಟ್ಟದಲ್ಲೇ ತಿರಸ್ಕಾರ, ಅಥವಾ ವರ್ಷನ್ ಹೊಂದಿಲ್ಲ ಎಂಬ ಫಾಲ್ಟ್

ಫಾಲ್ಟ್ ಎಂದರೆ ಸೋಪ್ ಕೊಡುವ ದೋಷದ ಉತ್ತರ. ಸೋಪ್‌ನ ಎರಡು ಆವೃತ್ತಿಗಳಾದ 1.1 ಮತ್ತು 1.2ರ ಗೊಂದಲ ಇದು. 1.1ಕ್ಕೆ ಕಂಟೆಂಟ್ ಟೈಪ್ ಟೆಕ್ಸ್ಟ್/ಎಕ್ಸ್‌ಎಂಎಲ್ ಆಗಿರಬೇಕು, ಸೋಪ್‌ಆಕ್ಷನ್ ಹೆಡರ್ ಉದ್ಧರಣ ಚಿಹ್ನೆಯೊಳಗೆ ಇರಬೇಕು, ಖಾಲಿಯಾದರೂ ಸರಿ. 1.2ಕ್ಕೆ ಅಪ್ಲಿಕೇಶನ್/ಸೋಪ್+ಎಕ್ಸ್‌ಎಂಎಲ್, ಅಲ್ಲಿ ಪ್ರತ್ಯೇಕ ಸೋಪ್‌ಆಕ್ಷನ್ ಹೆಡರ್ ಇಲ್ಲ. ಲಕೋಟೆಯ ನೇಮ್‌ಸ್ಪೇಸ್ (ಟ್ಯಾಗ್‌ಗಳು ಯಾವ ಗುಂಪಿನವೆಂದು ಹೇಳುವ ಹೆಸರು) ಕೂಡ ಬೇರೆ ಬೇರೆ. ಹೆಡರ್ 1.2, ಒಳಗಿನ ಲಕೋಟೆ 1.1 ಆದರೆ ಕೆಲವು ಸರ್ವರ್ 415 (ಈ ಕಂಟೆಂಟ್ ಟೈಪ್ ಒಪ್ಪುವುದಿಲ್ಲ) ಕೊಡುತ್ತವೆ, ಕೆಲವು ವರ್ಷನ್‌ಮಿಸ್‌ಮ್ಯಾಚ್ ಎನ್ನುತ್ತವೆ. ಫಾಲ್ಟ್ ಕೋಡ್‌ನ ಪದದಿಂದಲೂ ಯಾವ ಸೋಪ್ ಎಂದು ಗುರುತಿಸಬಹುದು: 1.1ರಲ್ಲಿ ಕ್ಲೈಂಟ್, ಸರ್ವರ್, 1.2ರಲ್ಲಿ ಸೆಂಡರ್, ರಿಸೀವರ್.

ಎಚ್‌ಟಿಟಿಪಿ 500 ಕಂಡ ಕೂಡಲೇ ಸರ್ವರ್ ಬಿದ್ದಿದೆ ಎಂದು ಬೊಬ್ಬೆ ಹಾಕಬೇಡಿ. ಸೋಪ್ 1.1ರಲ್ಲಿ ಯಾವುದೇ ಫಾಲ್ಟ್ 500ರಲ್ಲೇ ಬರಬೇಕು ಎಂಬುದು ನಿಯಮ. ತಪ್ಪು ನಿಮ್ಮ ರಿಕ್ವೆಸ್ಟ್‌ನದೇ ಆಗಿದ್ದರೂ ಅಷ್ಟೇ.

## ಫಾಲ್ಟ್ ಬರುತ್ತದೆ, ಕಾರಣ ಮಾತ್ರ ಹೇಳುವುದಿಲ್ಲ

ಕ್ಲೈಂಟಿಗೆ ಹೋಗುವ ಫಾಲ್ಟ್ ಮೊಟಕು. ನಿಜವಾದ ಮಾತು ಸಿಐಸಿಎಸ್ ಲಾಗ್‌ನಲ್ಲಿ ಡಿಎಫ್‌ಎಚ್‌ಪಿಐ ಎಂದು ಶುರುವಾಗುವ ಸಂದೇಶಗಳಲ್ಲಿದೆ. ನಾಲ್ಕು ಸಂಖ್ಯೆ ನೆನಪಿಟ್ಟರೆ ಸಾಕು. 1007 ಮತ್ತು 1009 ಒಳಬರುವ ಎಕ್ಸ್‌ಎಂಎಲ್ಲನ್ನು ಡೇಟಾ ಮಾಡುವಾಗಿನ ತೊಂದರೆ; ದೋಷ ಕಳಿಸಿದವರದು ಅಥವಾ ಡಬ್ಲ್ಯೂಎಸ್‌ಡಿಎಲ್ ಹಳೆಯದು. 1008 ಮತ್ತು 1010 ಹೊರಹೋಗುವಾಗಿನ ತೊಂದರೆ. ಕೋಬಾಲ್ ಪ್ರೋಗ್ರಾಂ ಬಿಟ್ಟುಹೋದ ಬೈಟ್‌ಗಳು ಸರಿಯಿಲ್ಲ. ಜೊತೆಗೆ ಫೀಲ್ಡ್‌ನ ಹೆಸರೂ ಕಾರಣದ ಸಂಕೇತವೂ ಇರುತ್ತವೆ. ಇನ್‌ಪುಟ್_ಟೂ_ಲಾಂಗ್ ಎಂದರೆ ಉದ್ದ ಮೀರಿದೆ, ಇನ್‌ವ್ಯಾಲಿಡ್_ಪ್ಯಾಕ್ಡ್_ಡೆಸ್ ಎಂದರೆ ಪ್ಯಾಕ್ಡ್ ಡೆಸಿಮಲ್ ಫೀಲ್ಡ್‌ನಲ್ಲಿ ಅಂಕಿಯಲ್ಲದ್ದು ಕೂತಿದೆ.

ಈ ಕೊನೆಯದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹಳೆಯ ಪ್ರೋಗ್ರಾಂಗಳನ್ನು ತೆರೆದಾಗ ಪದೇ ಪದೇ ಎದುರಾಗುವುದು ಇದೇ. ಕಾಂಪ್-3 ಎಂಬ ಪ್ಯಾಕ್ಡ್ ಡೆಸಿಮಲ್ ಫೀಲ್ಡ್‌ನಲ್ಲಿ ಪ್ರತಿ ಬೈಟಿಗೆ ಎರಡು ಅಂಕಿ. ಕೊನೆಯ ಅರ್ಧ ಬೈಟ್ ಚಿಹ್ನೆ, ಧನಕ್ಕೆ ಸಿ, ಋಣಕ್ಕೆ ಡಿ, ಚಿಹ್ನೆಯಿಲ್ಲದ್ದಕ್ಕೆ ಎಫ್. ಒಂಬತ್ತು ಅಂಕಿಯ ಮೊತ್ತಕ್ಕೆ ಐದು ಬೈಟ್. ಪ್ರೋಗ್ರಾಂ ಆ ಫೀಲ್ಡನ್ನು ತುಂಬದೆ ಬಿಟ್ಟರೆ ಅಲ್ಲಿ ಮೇನ್‌ಫ್ರೇಮ್‌ನ ಅಕ್ಷರ ಸಂಕೇತವಾದ ಎಬ್‌ಸಿಡಿಕ್‌ನ ಸ್ಪೇಸ್, ಅಂದರೆ ಹೆಕ್ಸ್ 40, ಇಲ್ಲವೇ ಸೊನ್ನೆ ಬೈಟ್‌ಗಳು ಉಳಿದಿರುತ್ತವೆ. ಎರಡರಲ್ಲೂ ಕೊನೆಯ ಅರ್ಧ ಬೈಟ್ 0. ಅದು ಯಾವ ಚಿಹ್ನೆಯೂ ಅಲ್ಲ. ಹಳೆಯ ಸ್ಕ್ರೀನ್‌ನಲ್ಲಿ ಈ ದೋಷ ವರ್ಷಗಟ್ಟಲೆ ಬಯಲಾಗಿರುವುದಿಲ್ಲ, ಏಕೆಂದರೆ ‘ಗ್ರಾಹಕ ಸಿಗಲಿಲ್ಲ’ ಎಂಬ ಸ್ಕ್ರೀನ್ ಆ ಮೊತ್ತವನ್ನು ತೋರಿಸುತ್ತಲೇ ಇರಲಿಲ್ಲ. ವೆಬ್ ಸರ್ವಿಸ್ ಹಾಗಲ್ಲ, ಕಾಪಿಬುಕ್‌ನ ಪ್ರತಿಯೊಂದು ಫೀಲ್ಡನ್ನೂ ಎಕ್ಸ್‌ಎಂಎಲ್ ಮಾಡಲು ಹೋಗುತ್ತದೆ. ಹಾಗಾಗಿ ದಾಖಲೆ ಸಿಕ್ಕಾಗ ಸರಿ, ಸಿಗದಿದ್ದಾಗ ಮಾತ್ರ ಫಾಲ್ಟ್ ಎಂಬ ಲಕ್ಷಣ ಕಂಡರೆ ನೇರವಾಗಿ ಇಲ್ಲೇ ನೋಡಿ.

ಪರಿಹಾರಕ್ಕೆ ಹಳೆಯ ಪ್ರೋಗ್ರಾಂ ಮುಟ್ಟುವ ಅಗತ್ಯವಿಲ್ಲ. ನಡುವೆ ಸಣ್ಣ ರ‍್ಯಾಪರ್ ಪ್ರೋಗ್ರಾಂ ಬರೆದು, ಡೇಟಾ ಪ್ರದೇಶವನ್ನೆಲ್ಲ ಇನಿಷಿಯಲೈಸ್ ಮಾಡಿ (ಆರಂಭದ ಮೌಲ್ಯ ತುಂಬಿ), ಆಮೇಲೆ ಹಳೆಯದಕ್ಕೆ ಲಿಂಕ್ ಮಾಡಿ. ಒಂದು ಎಚ್ಚರಿಕೆ: ಕೋಬಾಲ್‌ನ ಇನಿಷಿಯಲೈಸ್ ಸಾಮಾನ್ಯ ರೂಪದಲ್ಲಿ ಫಿಲ್ಲರ್‌ಗಳನ್ನೂ (ಹೆಸರಿಲ್ಲದ ಫೀಲ್ಡ್‌ಗಳು) ರಿಡಿಫೈನ್ಸ್ ಆದ (ಅದೇ ಜಾಗಕ್ಕೆ ಇನ್ನೊಂದು ವಿನ್ಯಾಸ ಕೊಟ್ಟ) ಭಾಗವನ್ನೂ ಮುಟ್ಟುವುದಿಲ್ಲ.

ಇದೇ ದೋಷ ಪ್ರೋಗ್ರಾಂನ ಒಳಗೆ, ಲೆಕ್ಕ ಮಾಡುವಾಗ ಆದರೆ ಎಎಸ್‌ಆರ್‌ಎ ಅಬೆಂಡ್ (ಪ್ರೋಗ್ರಾಂ ನಡುವೆಯೇ ಮುರಿದು ಬೀಳುವುದು) ಆಗುತ್ತದೆ, ಲಾಗ್‌ನಲ್ಲಿ ಜೊತೆಗೆ 0ಸಿ7 ಕಾಣುತ್ತದೆ. ಎಎಸ್‌ಆರ್‌ಎ ಜೊತೆ 0ಸಿ4 ಇದ್ದರೆ ಕಥೆ ಬೇರೆ: ಕೊಟ್ಟ ಕಾಂಏರಿಯಾ (ಪ್ರೋಗ್ರಾಂಗೆ ಡೇಟಾ ದಾಟಿಸುವ ಜಾಗ) ಚಿಕ್ಕದು, ಪ್ರೋಗ್ರಾಂ ಅದರಾಚೆ ಕೈಹಾಕಿರಬಹುದು. ಕಾಂಏರಿಯಾದ ಉದ್ದ ಹೇಳುವ ಇಐಬಿಕ್ಯಾಲೆನ್ ಮೌಲ್ಯವನ್ನು ಕಾಪಿಬುಕ್‌ನ ಉದ್ದದೊಂದಿಗೆ ಹೋಲಿಸಿ. ಕಾಂಏರಿಯಾಕ್ಕೆ ಸುಮಾರು 32 ಕಿಲೋಬೈಟ್ ಮಿತಿಯಿದೆ. ಅದಕ್ಕಿಂತ ದೊಡ್ಡ ಉತ್ತರ ಬೇಕಾದರೆ ಡೇಟಾ ದಾಟಿಸುವ ಇನ್ನೊಂದು ವಿಧಾನವಾದ ಚಾನೆಲ್ ಮತ್ತು ಕಂಟೈನರ್‌ಗೆ ಹೋಗಲೇಬೇಕು.

ಪರೀಕ್ಷಾ ರೀಜನ್‌ನಲ್ಲಿ ವೆಬ್‌ಸರ್ವಿಸ್‌ನ ವ್ಯಾಲಿಡೇಶನ್ ಆನ್ ಮಾಡಿದರೆ ಸ್ಕೀಮಾಕ್ಕೆ (ಡಬ್ಲ್ಯೂಎಸ್‌ಡಿಎಲ್ ಹೇಳುವ ಡೇಟಾ ವಿನ್ಯಾಸಕ್ಕೆ) ಹೊಂದದ್ದೆಲ್ಲ ಹೆಸರು ಸಮೇತ ಬಯಲಾಗುತ್ತದೆ. ಅದು ಜಾವಾ ಬಳಸಿ ಪ್ರತಿ ಸಂದೇಶವನ್ನೂ ಪರೀಕ್ಷಿಸುತ್ತದೆ, ಬಹಳ ಭಾರ. ಪ್ರೊಡಕ್ಷನ್‌ನಲ್ಲಿ ಹಾಕಿ ಮರೆತುಬಿಟ್ಟರೆ ಅದೇ ಇನ್ನೊಂದು ದೋಷವಾಗುತ್ತದೆ. ಒಂದೊಂದೇ ಹೆಜ್ಜೆಯಾಗಿ ನೋಡಬೇಕಾದರೆ ಸಿಇಡಿಎಕ್ಸ್ ಎಂಬ ಸಿಐಸಿಎಸ್ ಉಪಕರಣ ಇದೆ. ಅದೂ ಪರೀಕ್ಷಾ ರೀಜನ್‌ಗೆ ಮಾತ್ರ. ಪ್ರೊಡಕ್ಷನ್‌ನಲ್ಲಿ ವೆಬ್ ಸರ್ವಿಸ್ ಕರೆಗಳು ಓಡುವ ಸಿಪಿಐಎಚ್ ಟ್ರಾನ್ಸಾಕ್ಷನ್‌ಗೆ ಅದನ್ನು ಹಚ್ಚಿದರೆ ಇತರರ ಕರೆಗಳೂ ನಿಮ್ಮ ಸ್ಕ್ರೀನಿಗೆ ಬಂದು ನಿಲ್ಲುತ್ತವೆ.

## ಉತ್ತರ ಬಂತು, ಅಂಕಿ ತಪ್ಪು

ಡಿಎಫ್‌ಎಚ್‌ಎಲ್‌ಎಸ್2ಡಬ್ಲ್ಯೂಎಸ್ ಬಳಸಿದ ಕಡೆ ಇದು ಅಪರೂಪ. ಕೈಯಿಂದ ಬರೆದ ಸೇತುವೆ ಪ್ರೋಗ್ರಾಂ ಇರುವ ಕಡೆ ಮಾಮೂಲು. ತಪ್ಪಿನ ಆಕಾರವೇ ಕಾರಣ ಹೇಳಿಬಿಡುತ್ತದೆ.

1250.50 ರೂಪಾಯಿ 125050 ಆಗಿ ಬಂದರೆ ಕಾಪಿಬುಕ್‌ನ ‘ವಿ’ಯನ್ನು ಯಾರೋ ಕಡೆಗಣಿಸಿದ್ದಾರೆ. ಆ ದಶಮಾಂಶ ಬಿಂದು ಕಾಲ್ಪನಿಕ, ಡೇಟಾದಲ್ಲಿ ಅದಕ್ಕೆ ಬೈಟ್ ಇಲ್ಲ. 1 ಎಂಬುದು 16777216 ಆಗಿ ಬಂದರೆ, ಅಥವಾ ಎರಡು ಬೈಟ್ ಫೀಲ್ಡ್‌ನಲ್ಲಿ 256 ಆಗಿ ಬಂದರೆ, ಬೈಟ್‌ಗಳ ಕ್ರಮ ತಿರುವುಮುರುವಾಗಿದೆ. ಮೇನ್‌ಫ್ರೇಮ್ ದೊಡ್ಡ ಬೈಟನ್ನು ಮೊದಲಿಡುತ್ತದೆ, ಇಂಟೆಲ್ ಯಂತ್ರ ಕೊನೆಗಿಡುತ್ತದೆ. 125ರ ಬದಲು ‘12ಇ’ ಅಥವಾ ‘12ಎನ್’ ಎಂದು ರೋಮನ್ ಅಕ್ಷರದ ಬಾಲ ಬಂದರೆ ಅದು ಚಿಹ್ನೆ ಸೇರಿದ ಜೋನ್ಡ್ ಡೆಸಿಮಲ್: ಕೊನೆಯ ಅಂಕಿಯ ಮೇಲೆ ಚಿಹ್ನೆ ಕೂತು ಹೆಕ್ಸ್ ಸಿ5 ಅಥವಾ ಡಿ5 ಆಗಿದೆ. ಮೊದಲನೆಯದು +125, ಎರಡನೆಯದು -125. ಮೊತ್ತದ ಫೀಲ್ಡ್‌ಗಳು ಮಾತ್ರ ಕಸವಾಗಿ, ಹೆಸರು ವಿಳಾಸ ಚೆನ್ನಾಗಿದ್ದರೆ ಇಡೀ ರೆಕಾರ್ಡನ್ನು ಟೆಕ್ಸ್ಟ್ ಎಂದು ಎಬ್‌ಸಿಡಿಕ್‌ನಿಂದ ಆಸ್ಕಿಗೆ ಬದಲಿಸಿದ್ದಾರೆ. ಹಾಗೆ ಕೆಟ್ಟ ಬೈಟ್‌ಗಳಿಂದ ಮೂಲ ಅಂಕಿಯನ್ನು ನಂಬಿಕೆಯಿಂದ ಹಿಂದಕ್ಕೆ ತರಲು ಆಗುವುದಿಲ್ಲ; ಮೂಲದಿಂದಲೇ ಮತ್ತೆ ತೆಗೆಯಬೇಕು.

ಒಂದು ಫೀಲ್ಡ್‌ನಿಂದ ಮುಂದಕ್ಕೆ ಎಲ್ಲವೂ ಸರಿದಿದ್ದರೆ, ಅಂದರೆ ಪಿನ್‌ಕೋಡ್ ಜಾಗದಲ್ಲಿ ಊರಿನ ಬಾಲ ಕಂಡರೆ, ಕಾಪಿಬುಕ್ ಬದಲಾಗಿದೆ, ಡಬ್ಲ್ಯೂಎಸ್‌ಬೈಂಡ್ ಬದಲಾಗಿಲ್ಲ. ಪ್ರೋಗ್ರಾಂಗೆ ನ್ಯೂಕಾಪಿ ಮಾಡಿ (ಹೊಸ ಪ್ರತಿ ಲೋಡ್ ಮಾಡಿಸಿ) ಕೈತೊಳೆದುಕೊಂಡರೆ ಆಗುವುದು ಇದೇ. ಕಂಪೈಲ್, ಡಬ್ಲ್ಯೂಎಸ್‌ಬೈಂಡ್ ಮರುತಯಾರಿ, ನ್ಯೂಕಾಪಿ ಮತ್ತು ಪೈಪ್‌ಲೈನ್ ಸ್ಕ್ಯಾನ್ ಒಟ್ಟಿಗೇ ಆಗಬೇಕಾದ ಕೆಲಸ. ಕಂಪೈಲ್ ಲಿಸ್ಟಿಂಗ್‌ನ ಮ್ಯಾಪ್ ಭಾಗದಲ್ಲಿ ಪ್ರತಿ ಫೀಲ್ಡ್‌ನ ಆಫ್‌ಸೆಟ್ ಇರುತ್ತದೆ, ಸರಿದದ್ದು ಎಷ್ಟು ಬೈಟ್ ಎಂದು ಅದರಲ್ಲೇ ಎಣಿಸಬಹುದು.

ಮೂರು ಸಾಲು ಬರಬೇಕಾದಲ್ಲಿ ಯಾವಾಗಲೂ ಐವತ್ತು ಬಂದು ಉಳಿದವು ಖಾಲಿಯಿದ್ದರೆ ಅದು ದೋಷವೇ ಅಲ್ಲ. ಕಾಪಿಬುಕ್‌ನಲ್ಲಿ ಅಕರ್ಸ್ 50 (ಐವತ್ತು ಸಲ ಪುನರಾವರ್ತನೆ) ಎಂದಿದೆ, ಸ್ಕೀಮಾ ಕೂಡ ಕನಿಷ್ಠ 50 ಗರಿಷ್ಠ 50 ಎನ್ನುತ್ತದೆ. ಟ್ರಂಕೇಟ್-ನಲ್-ಅರೇಸ್ ಆಯ್ಕೆ ನಿಮ್ಮ ಆವೃತ್ತಿಯಲ್ಲಿದ್ದರೆ ಅದನ್ನು ಬಳಸಿ, ಇಲ್ಲವೇ ರ‍್ಯಾಪರ್‌ನಲ್ಲೇ ಕತ್ತರಿಸಿ.

ಕರ್ಲ್‌ನಲ್ಲಿ ಉತ್ತರ ತುಂಬಿದ್ದು ಕ್ಲೈಂಟ್‌ನಲ್ಲಿ ಫೀಲ್ಡ್‌ಗಳು ನಲ್ ಆದರೆ ಮೇನ್‌ಫ್ರೇಮ್ ಬಿಟ್ಟುಬಿಡಿ. ನೇಮ್‌ಸ್ಪೇಸ್ ಹೊಂದಿಲ್ಲ. ಡಬ್ಲ್ಯೂಎಸ್‌ಡಿಎಲ್‌ನಿಂದ ಕ್ಲೈಂಟ್ ಕೋಡ್ ಮರುತಯಾರಿಸಿ.

## ಕನ್ನಡ ಹೆಸರು ಬಂದ ದಿನ ಕೆಡುವ ಸರ್ವಿಸ್

ಸಿಐಸಿಎಸ್ ರೀಜನ್‌ನ ಸ್ಥಳೀಯ ಕೋಡ್ ಪೇಜ್ (ಅಕ್ಷರಗಳಿಗೆ ಬೈಟ್ ಹೊಂದಿಸುವ ಪಟ್ಟಿ) ಬೇರೆ ಹೇಳದಿದ್ದರೆ 037. ಅದರಲ್ಲಿ ಕನ್ನಡ ಅಕ್ಷರಗಳೂ ಇಲ್ಲ, 2010ರಲ್ಲಿ ಯೂನಿಕೋಡ್‌ಗೆ ಸೇರಿದ ರೂಪಾಯಿ ಚಿಹ್ನೆ ₹ ಕೂಡ ಇಲ್ಲ. ಜಾಗವಿಲ್ಲದ ಅಕ್ಷರ ಬಂದಾಗ ಕೋಡ್ ಪೇಜ್ ಪರಿವರ್ತನೆ ಸಾಮಾನ್ಯವಾಗಿ ಹೆಕ್ಸ್ 3ಎಫ್ ಎಂಬ ಬದಲಿ ಬೈಟ್ ಇಟ್ಟು ಸುಮ್ಮನಾಗುತ್ತದೆ. ಆಗ ದೋಷವೇನೂ ಕಾಣುವುದಿಲ್ಲ, ದಾಖಲೆ ಡೇಟಾಬೇಸ್‌ಗೆ ಹೋಗಿ ಕೂರುತ್ತದೆ. ತಿಂಗಳ ನಂತರ ಯಾರೋ ಅದೇ ಗ್ರಾಹಕನ ವಿವರ ಕೇಳುತ್ತಾರೆ. ಆ 3ಎಫ್ ಯೂನಿಕೋಡ್‌ಗೆ ಹಿಂದಿರುಗುವಾಗ 1ಎ ಎಂಬ ನಿಯಂತ್ರಣ ಅಕ್ಷರವಾಗುತ್ತದೆ. ಎಕ್ಸ್‌ಎಂಎಲ್ 1.0ದಲ್ಲಿ ಹೆಕ್ಸ್ 20ಕ್ಕಿಂತ ಕೆಳಗಿನ ಅಕ್ಷರಗಳಲ್ಲಿ ಟ್ಯಾಬ್ ಮತ್ತು ಎರಡು ಸಾಲುಬದಲಿ ಚಿಹ್ನೆಗಳಿಗೆ ಮಾತ್ರ ಪ್ರವೇಶ. ಉತ್ತರ ಅಲ್ಲೇ ಮುರಿಯುತ್ತದೆ ಅಥವಾ ಕ್ಲೈಂಟ್‌ನ ಪಾರ್ಸರ್ ಅದನ್ನು ತಿರಸ್ಕರಿಸುತ್ತದೆ. ಎಲ್ಲರದೂ ಸರಿ, ಒಬ್ಬ ಗ್ರಾಹಕನದು ಮಾತ್ರ ಯಾವಾಗಲೂ ಫಾಲ್ಟ್ ಎಂಬ ದೂರು ಬಂದರೆ ಆ ದಾಖಲೆಯನ್ನು ಹೆಕ್ಸ್‌ನಲ್ಲಿ ತೆರೆದು 3ಎಫ್ ಅಥವಾ 00 ಹುಡುಕಿ. ತಪ್ಪು ಓದುವ ಸರ್ವಿಸ್‌ನದಲ್ಲ, ಹಿಂದೆಂದೋ ಬರೆದ ಸರ್ವಿಸ್‌ನದು. ಕೆಟ್ಟ ದಾಖಲೆಯನ್ನು ಮೂಲ ಅರ್ಜಿ ನೋಡಿ ತಿದ್ದಬೇಕು. ಬದಲಿ ಬೈಟ್‌ನಿಂದ ಹೆಸರು ವಾಪಸ್ ಬರುವುದಿಲ್ಲ.

ಉದ್ದದ ಲೆಕ್ಕ ಇನ್ನೊಂದು. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್. ‘ರಾಮಕೃಷ್ಣ’ ಕಣ್ಣಿಗೆ ನಾಲ್ಕಕ್ಷರ, ಸಂಕೇತಗಳು ಎಂಟು, ಬೈಟ್ ಇಪ್ಪತ್ತನಾಲ್ಕು. ಪಿಕ್ ಎಕ್ಸ್(20), ಅಂದರೆ ಇಪ್ಪತ್ತು ಬೈಟ್‌ನ ಫೀಲ್ಡ್‌ನಲ್ಲಿ ಹಸಿ ಯುಟಿಎಫ್-8 ತುಂಬಿಸುವ ಜಾಣತನ ಮಾಡಿದರೆ ಹೆಸರು ನಡುವೆ ಕತ್ತರಿಸಿ, ಅರ್ಧ ಸಂಕೇತ ಉಳಿದು, ಉತ್ತರ ಪಾರ್ಸ್ ಆಗುವುದಿಲ್ಲ. ಯುಟಿಎಫ್-16ರಲ್ಲಾದರೆ ಅದೇ ಹೆಸರಿಗೆ ಹದಿನಾರು. ಕನ್ನಡ ಬೇಕೇ ಬೇಕೆಂದರೆ ಡಿಬಿ2ನಲ್ಲಿ ಯೂನಿಕೋಡ್ ಟೇಬಲ್ ಮಾಡಿ ಹೆಸರನ್ನು ಅಲ್ಲಿಡುವುದು ನೇರ ದಾರಿ. ಅದು ಆಗುವವರೆಗೆ 037ರಲ್ಲಿ ಇಲ್ಲದ ಅಕ್ಷರವನ್ನು ರ‍್ಯಾಪರ್‌ನ ಬಾಗಿಲಲ್ಲೇ ಸ್ಪಷ್ಟ ಫಾಲ್ಟ್ ಕೊಟ್ಟು ತಡೆಯಿರಿ. ಮೌನವಾಗಿ ಕೆಡಿಸುವುದಕ್ಕಿಂತ ಅದು ವಾಸಿ.

ಚೌಕ ಆವರಣಗಳು ಮಾತ್ರ ಬೇರೆ ಚಿಹ್ನೆಯಾಗಿ ಬರುತ್ತಿದ್ದರೆ ಅದು 037 ಮತ್ತು 1047 ಎಂಬ ಎರಡು ಕೋಡ್ ಪೇಜ್‌ಗಳ ಬೆರಕೆ. ಆಂಪರ್ಸಂಡ್ ಇರುವ ಕಂಪನಿ ಹೆಸರುಗಳಲ್ಲಿ ಮಾತ್ರ ಎಕ್ಸ್‌ಎಂಎಲ್ ಮುರಿದರೆ ಯಾರೋ ಕೋಬಾಲ್‌ನ ಸ್ಟ್ರಿಂಗ್ ಬಳಸಿ ಕೈಯಿಂದ ಎಕ್ಸ್‌ಎಂಎಲ್ ಹೊಲಿದಿದ್ದಾರೆ. ಎಕ್ಸ್‌ಎಂಎಲ್ ಜನರೇಟ್ ಬಳಸಿದರೆ ಅಂಥ ಅಕ್ಷರಗಳನ್ನು ಅದೇ ಸಂಭಾಳಿಸುತ್ತದೆ.

## ಒಬ್ಬರ ವಿವರ ಇನ್ನೊಬ್ಬರಿಗೆ

ಇಲ್ಲಿ ಹುಡುಕಾಟಕ್ಕೂ ಮೊದಲು ಮಾಡಬೇಕಾದ್ದು ಸರ್ವಿಸ್ ನಿಲ್ಲಿಸುವುದು. ಯುಆರ್‌ಐಮ್ಯಾಪ್ ಡಿಸೇಬಲ್ ಮಾಡಿ, ಮೇಲಿನವರಿಗೆ ತಿಳಿಸಿ, ಆಮೇಲೆ ಕಾರಣ ನೋಡಿ.

ಸ್ಕ್ರೀನ್ ಕಾಲದ ಪ್ರೋಗ್ರಾಂಗಳು ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಮಾಹಿತಿ ಉಳಿಸಿಡಲು ಟೆಂಪರರಿ ಸ್ಟೋರೇಜ್ ಕ್ಯೂ ಬಳಸುತ್ತಿದ್ದವು. ಅದರ ಹೆಸರಿಗೆ ಟರ್ಮಿನಲ್ ಐಡಿ, ಅಂದರೆ ಇಐಬಿಟಿಆರ್‌ಎಂಐಡಿ, ಸೇರಿಸುವುದು ರೂಢಿ. ಟರ್ಮಿನಲ್‌ಗೆ ಒಬ್ಬನೇ ಕೂರುವುದರಿಂದ ಎಂದೂ ಡಿಕ್ಕಿಯಾಗುತ್ತಿರಲಿಲ್ಲ. ವೆಬ್ ಸರ್ವಿಸ್ ಟಾಸ್ಕ್‌ಗೆ ಟರ್ಮಿನಲ್ ಇಲ್ಲ, ಹಾಗಾಗಿ ಎಲ್ಲ ಕರೆಗಳೂ ಒಂದೇ ಹೆಸರಿನ ಕ್ಯೂಗೆ ಬರೆಯುತ್ತವೆ, ಓದುತ್ತವೆ. ಒಬ್ಬನೇ ಕೂತು ಪರೀಕ್ಷಿಸಿದಾಗ ಇದು ಸಿಗುವುದಿಲ್ಲ, ಜನ ಹೆಚ್ಚಾದ ದಿನ ಸಿಗುತ್ತದೆ. ಸರ್ವಿಸ್ ತೆರೆಯುವ ಮೊದಲೇ ಸೋರ್ಸ್‌ನಲ್ಲಿ ಇಐಬಿಟಿಆರ್‌ಎಂಐಡಿ ಪದವನ್ನು ಹುಡುಕಿ ನೋಡುವುದು ಐದು ನಿಮಿಷದ ಕೆಲಸ. ಜೊತೆಗೆ ಸ್ಕ್ರೀನ್ ತೋರಿಸುವ, ಓದುವ ಆದೇಶಗಳಾದ ಸೆಂಡ್ ಮ್ಯಾಪ್, ರಿಸೀವ್ ಮ್ಯಾಪ್‌ಗಳನ್ನೂ ಹುಡುಕಿ. ಅವುಗಳಿದ್ದರೆ ಆ ಪ್ರೋಗ್ರಾಂ ಟರ್ಮಿನಲ್ ಇಲ್ಲದೆ ಓಡದು. ವ್ಯವಹಾರದ ಭಾಗವನ್ನು ಬೇರ್ಪಡಿಸಬೇಕು.

## ನಿಧಾನ, ಟೈಂಔಟ್, ಎರಡೆರಡು ಸಲ ಪಾವತಿ

ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲಿನ ಮೊದಲ ಕರೆ ಮಾತ್ರ ವಿಫಲವಾಗಿ, ಮರುಪ್ರಯತ್ನ ಸರಿಯಾದರೆ, ತೆರೆದಿಟ್ಟ ಕನೆಕ್ಷನ್ನನ್ನು ನಡುವೆ ಫೈರ್‌ವಾಲ್ ಅಥವಾ ಸಿಐಸಿಎಸ್‌ನ ಸಾಕೆಟ್‌ಕ್ಲೋಸ್ ಕಾಲಮಿತಿ ಕತ್ತರಿಸಿದೆ. ಕ್ಲೈಂಟ್ ಪೂಲ್‌ನ ನಿಷ್ಕ್ರಿಯ ಅವಧಿಯನ್ನು ಆ ಎರಡಕ್ಕಿಂತಲೂ ಕಡಿಮೆ ಇಡಿ.

ಎಐಸಿಎ ಅಬೆಂಡ್ ಎಂದರೆ ಪ್ರೋಗ್ರಾಂ ನಿಯಂತ್ರಣ ಬಿಡದೆ ಸುತ್ತುತ್ತಿದೆ. ಅಂಥ ಸುತ್ತಾಟಕ್ಕೆ ಸಿಐಸಿಎಸ್ ಇಟ್ಟ ಐಸಿವಿಆರ್ ಮಿತಿ ಬದಲಿಸದಿದ್ದರೆ 5000 ಮಿಲಿಸೆಕೆಂಡ್. ಮಿತಿ ಹೆಚ್ಚಿಸುವ ಮೊದಲು ಲೂಪ್ ನೋಡಿ. ಅಬೆಂಡ್ ಇಲ್ಲದೆ ನೇತಾಡುತ್ತಿದ್ದರೆ ಸಿಇಎಂಟಿ ಇನ್‌ಕ್ವೈರ್ ಟಾಸ್ಕ್‌ನಲ್ಲಿ ಅದು ಯಾವುದಕ್ಕೆ ಕಾಯುತ್ತಿದೆ ಎಂದು ಬರೆದಿರುತ್ತದೆ. ಎಲ್ಲ ಸರ್ವಿಸ್‌ಗಳೂ ಸಿಪಿಐಎಚ್ ಹೆಸರಿನಲ್ಲೇ ಓಡುತ್ತಿದ್ದರೆ ಯಾವುದು ಯಾರದೆಂದು ತಿಳಿಯದು. ಯುಆರ್‌ಐಮ್ಯಾಪ್‌ನಲ್ಲಿ ಪ್ರತಿ ಸರ್ವಿಸ್‌ಗೆ ಸ್ವಂತ ಟ್ರಾನ್ಸಾಕ್ಷನ್ ಹೆಸರು ಕೊಟ್ಟು, ಟ್ರಾನ್‌ಕ್ಲಾಸ್‌ನಲ್ಲಿ ಒಂದೇ ಸಲಕ್ಕೆ ಓಡುವ ಅದರ ಸಂಖ್ಯೆಗೆ ಮಿತಿ ಹಾಕಿ. ಹೊರಗಿನ ಜನಸಂದಣಿ ಶಾಖೆಯ ಟರ್ಮಿನಲ್‌ಗಳನ್ನು ಉಸಿರುಗಟ್ಟಿಸಬಾರದು.

ಕ್ಲೈಂಟ್ ಟೈಂಔಟ್ ಆಯಿತೆಂದರೆ ಕೆಲಸ ಆಗಲಿಲ್ಲ ಎಂದಲ್ಲ. ಸಿಐಸಿಎಸ್ ಟಾಸ್ಕ್ ತನ್ನ ಪಾಡಿಗೆ ಮುಗಿಸಿ ಕಮಿಟ್ ಮಾಡಿರಬಹುದು. ಆಗ ತಾನಾಗಿ ಮರುಪ್ರಯತ್ನಿಸುವ ಕ್ಲೈಂಟ್ ಖಾತೆಯಿಂದ ಎರಡನೇ ಸಲ ಹಣ ತೆಗೆಯುತ್ತದೆ. ತಾನಾಗಿ ಮರುಪ್ರಯತ್ನ ವಿಚಾರಣೆಯ ಕರೆಗಳಿಗೆ ಮಾತ್ರ ಇರಲಿ. ಹಣ ಚಲಿಸುವ ಕರೆಗೆ ಕ್ಲೈಂಟ್ ಒಂದು ವಿಶಿಷ್ಟ ಕ್ರಮಸಂಖ್ಯೆ ಕಳಿಸಬೇಕು, ರ‍್ಯಾಪರ್ ಅದನ್ನು ಪಾವತಿಯ ಅದೇ ಯೂನಿಟ್ ಆಫ್ ವರ್ಕ್‌ನಲ್ಲಿ (ಒಟ್ಟಿಗೇ ಕಮಿಟ್ ಆಗುವ ಕೆಲಸದ ಗುಂಪು) ಬರೆದಿಟ್ಟು, ಎರಡನೇ ಸಲ ಬಂದರೆ ಹಳೆಯ ಉತ್ತರವನ್ನೇ ಕೊಡಬೇಕು.

## ಅನುಮತಿ ಮತ್ತು ಟಿಎಲ್‌ಎಸ್

ಎಇವೈ7 ಅಬೆಂಡ್, ಜೊತೆಗೆ ಮೇನ್‌ಫ್ರೇಮ್ ಭದ್ರತಾ ವ್ಯವಸ್ಥೆಯ ಐಸಿಎಚ್408ಐ ಸಂದೇಶ ಕಂಡರೆ ಅನುಮತಿ ಸಾಲದು. ಸಂದೇಶದಲ್ಲಿ ಯಾವ ಯೂಸರ್ ಐಡಿ ಎಂದು ನೋಡಿ. ಅಲ್ಲಿ ರೀಜನ್‌ನ ಡೀಫಾಲ್ಟ್ ಯೂಸರ್ ಇದ್ದರೆ ಕರೆದವರ ಗುರುತು ಒಳಗೆ ಬರುತ್ತಲೇ ಇಲ್ಲ. ಡೀಫಾಲ್ಟ್ ಯೂಸರ್‌ಗೆ ಅನುಮತಿ ಕೊಟ್ಟು ಸಮಸ್ಯೆ ಮುಚ್ಚಬೇಡಿ. ಗುರುತು ಹೇಳದೆ ಬಂದ ಪ್ರತಿಯೊಬ್ಬರಿಗೂ ಆ ಬಾಗಿಲು ತೆರೆದಂತಾಗುತ್ತದೆ.

ಕ್ಲೈಂಟ್ ಬದಿಯ ಅಪ್‌ಗ್ರೇಡ್ ನಂತರ ಹ್ಯಾಂಡ್‌ಶೇಕ್ (ಗುಪ್ತ ಸಂಪರ್ಕಕ್ಕೆ ಮುನ್ನ ಎರಡೂ ಬದಿಯ ಒಪ್ಪಂದ) ನಿಂತರೆ ಮೇನ್‌ಫ್ರೇಮ್ ಇನ್ನೂ ಟಿಎಲ್‌ಎಸ್ 1.0 ಅಥವಾ 1.1ರಲ್ಲೇ ಇದೆಯೇ ನೋಡಿ. 2021ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 8996 ಅವೆರಡನ್ನೂ ಬಳಕೆಯಿಂದ ತೆಗೆಯಿತು. ಪ್ರಮಾಣಪತ್ರದ ಪರೀಕ್ಷೆ ಆಫ್ ಮಾಡುವುದು ಪರಿಹಾರವಲ್ಲ, ಒಂದು ದಿನದ ಮಟ್ಟಿಗೂ ಅಲ್ಲ. ಮೇನ್‌ಫ್ರೇಮ್ ಮುಂದೆ ಜಾವಾ ಸೇತುವೆ ಇದ್ದರೆ ಅದರ ಪಾರ್ಸರ್‌ನಲ್ಲಿ ಡಿಟಿಡಿ (ಎಕ್ಸ್‌ಎಂಎಲ್‌ನ ರಚನೆ ಹೇಳುವ ಭಾಗ) ಮತ್ತು ಹೊರಗಿನ ಎಂಟಿಟಿಗಳನ್ನು (ಹೊರಗಿನ ಫೈಲ್ ಎಳೆದು ತರುವ ಉಲ್ಲೇಖಗಳು) ಮುಚ್ಚಿಡಿ. ಸೋಪ್ ಸಂದೇಶದಲ್ಲಿ ಡಿಟಿಡಿಗೆ ಜಾಗವೇ ಇಲ್ಲ, ಮುಚ್ಚಿದರೆ ನಷ್ಟವಿಲ್ಲ.

## ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ರೀಜನ್ ಮ್ಯಾಕ್ಸ್‌ಟಾಸ್ಕ್ಸ್ (ಒಂದೇ ಸಲಕ್ಕೆ ಓಡಬಲ್ಲ ಟಾಸ್ಕ್‌ಗಳ ಮಿತಿ) ಮುಟ್ಟಿದ್ದರೆ, ಎಎಸ್‌ಆರ್‌ಎ ಸಿಐಸಿಎಸ್‌ನ ಸ್ವಂತ ಮಾಡ್ಯೂಲ್‌ನೊಳಗೆ ಆಗುತ್ತಿದ್ದರೆ, ಸ್ಟೋರೇಜ್ ವಯೊಲೇಶನ್ (ತನ್ನದಲ್ಲದ ಮೆಮೊರಿಯ ಮೇಲೆ ಬರೆದದ್ದು) ಸಂದೇಶ ಕಂಡರೆ ಅಪ್ಲಿಕೇಶನ್ ತಂಡ ಅಲ್ಲಿಗೆ ಕೈಬಿಡಬೇಕು, ಸಿಸ್ಟಂ ಪ್ರೋಗ್ರಾಮರ್ ಬರಬೇಕು. ಸೋರ್ಸ್ ಕಳೆದುಹೋಗಿರುವ ಲೋಡ್ ಮಾಡ್ಯೂಲ್‌ಗಳ (ಕಂಪೈಲ್ ಆದ ಪ್ರೋಗ್ರಾಂಗಳ) ವಿಷಯದಲ್ಲೂ ಅಷ್ಟೇ. ಊಹೆಯ ಕಾಪಿಬುಕ್ ಬರೆದು ಪ್ರೊಡಕ್ಷನ್‌ಗೆ ಹಾಕಬೇಡಿ.

ಕರೆಯುವಾಗ ಇವಿಷ್ಟು ಕೈಯಲ್ಲಿರಲಿ: ಹಸಿ ರಿಕ್ವೆಸ್ಟ್ ಮತ್ತು ಉತ್ತರ, ಡಿಎಫ್‌ಎಚ್‌ಪಿಐ ಸಂದೇಶದ ಪೂರ್ಣ ಪಠ್ಯ, ಟಾಸ್ಕ್ ಸಂಖ್ಯೆ, ಸಮಯ (ಕ್ಲೈಂಟ್ ಗಡಿಯಾರ ಐಎಸ್‌ಟಿಯಲ್ಲಿದ್ದು ಮೇನ್‌ಫ್ರೇಮ್ ಜಿಎಂಟಿಯಲ್ಲಿದ್ದರೆ ಐದೂವರೆ ಗಂಟೆಯ ಅಂತರ ಹೇಳಿ), ಡಬ್ಲ್ಯೂಎಸ್‌ಬೈಂಡ್ ಫೈಲಿನ ದಿನಾಂಕ, ಲೋಡ್ ಮಾಡ್ಯೂಲ್ ಕಂಪೈಲ್ ಆದ ದಿನಾಂಕ. ಕೊನೆಯ ಎರಡು ದಿನಾಂಕ ಹೊಂದದಿದ್ದರೆ ಕರೆಯುವ ಮೊದಲೇ ಉತ್ತರ ಸಿಕ್ಕಿರಬಹುದು. ಟ್ರೇಸ್ ಅಥವಾ ಡಂಪ್ ಕಳಿಸುವ ಮುನ್ನ ಅದರೊಳಗಿನ ಆಧಾರ್, ಪ್ಯಾನ್, ಖಾತೆ ಸಂಖ್ಯೆಗಳನ್ನು ಅಳಿಸಿ, ಅಥವಾ ಕೃತಕ ಡೇಟಾದಲ್ಲಿ ದೋಷ ಮರುಕಳಿಸಿ ಅದನ್ನೇ ಕಳಿಸಿ.